ಅವರು ಆರಿಸಿದ್ದು ಗೆಲ್ಲುವ ಕುದುರೆಯೇ?

ಎಲಿಕಾಟ್ ಸಿಟಿ: ಹುಲ್ಲಿನ ಮೇಲಿನ ಹೆಸರು

ಮೇರಿಲ್ಯಾಂಡಿನಲ್ಲಿರುವ ತಂಗಿಯ ಮನೆ ತಲುಪಿದ ಮರುದಿನ ಬೆಳಿಗ್ಗೆ ಒಂದು ಸುತ್ತು ನಡೆದು ಬಂದ ನಾನು ಅವಳಿಗೆ ಹೇಳಿದ ಮೊದಲ ಸುದ್ದಿ ಇದು: "ವಾರಿಜ, ನಿಮ್ಮ ಬೀದಿಯಲ್ಲಿ ಒಂದೇ ಕುಟುಂಬದವರು ಎಷ್ಟು ಮನೆ ಕಟ್ಟಿಕೊಂಡಿದ್ದಾರೆ ಮಾರಾಯ್ತಿ! ಅಣ್ಣ ತಮ್ಮಂದಿರೆಲ್ಲ ಹತ್ತಿರ ಹತ್ತಿರ ಇದ್ದಾರೆ, ಒಳ್ಳೆಯದು."

ಮನೆಗಳ ಮುಂದಿನ ಹುಲ್ಲಿನಲ್ಲಿ ಸಣ್ಣ ಸಣ್ಣ ಫಲಕ ನೆಟ್ಟಿದ್ದರು. ಹೆಚ್ಚಿನವುಗಳ ಮೇಲೆ ಒಂದೇ ಹೆಸರು. ನಡುವೆ ಒಂದೆರಡು ಮನೆಗಳ ಮುಂದೆ ಬೇರೊಂದು ಹೆಸರು. ನಮ್ಮಲ್ಲಿ ಗೇಟಿನ ಮೇಲೆ ಮನೆತನದ ಹೆಸರು ಬರೆಸುವ ಹಾಗೆ ಇವರು ಹುಲ್ಲಿನ ಮೇಲೆ ನೆಡುತ್ತಾರೆ ಎಂದುಕೊಂಡಿದ್ದೆ. ವಾರಿಜ ಲೋಟ ಕೆಳಗಿಟ್ಟು ನಕ್ಕಳು. "ಅಕ್ಕ, ಅವರು ಪ್ರೆಸಿಡೆಂಟ್ ಎಲೆಕ್ಷನ್ನಿಗೆ ನಿಂತವರು."

ನನಗೆ ನಾಚಿಕೆಯಾಯಿತು. ನಮ್ಮ ಕರಾವಳಿಯ ಒಂದು ಸಣ್ಣ ಪುರಸಭೆಯಲ್ಲಿ ಎರಡು ಅವಧಿ ಸದಸ್ಯೆಯಾಗಿದ್ದವಳು ನಾನು. ಆ ಇಬ್ಬರ ಹೆಸರನ್ನು ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೆ. ಆದರೆ ಓದಿದ್ದೆಲ್ಲ ಕನ್ನಡ ಅಕ್ಷರದಲ್ಲಿ. ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ, ಅದೂ ನಿದ್ದೆ ಕೆಟ್ಟ ಕಣ್ಣಿಗೆ, ಗುರುತೇ ಸಿಗಲಿಲ್ಲ. ಅಲ್ಲದೆ ಅದು ಚುನಾವಣೆ ಎಂದು ಅನ್ನಿಸುವುದಾದರೂ ಹೇಗೆ? ಜೀಪಿಲ್ಲ, ಮೈಕಿಲ್ಲ, ಗೋಡೆಬರಹವಿಲ್ಲ. ಮತದಾನಕ್ಕೆ ಕೆಲವೇ ವಾರ ಉಳಿದ ಊರು ಮಧ್ಯಾಹ್ನದ ನಿದ್ದೆಯಲ್ಲಿದ್ದ ಹಾಗಿತ್ತು.

ಎರಡು ಸಾವಿರದ ನಾಲ್ಕನೆಯ ಇಸವಿಯ ಆ ಶರತ್ಕಾಲದಲ್ಲಿ ತಂಗಿಯ ಮನೆಯ ಹುಲ್ಲಿನ ಮೇಲೆ ಮಾತ್ರ ಯಾವ ಹೆಸರೂ ಇರಲಿಲ್ಲ. ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ವಾರಿಜಳ ಗಂಡ ಸದಾನಂದ, ಸೇತುವೆ ಕಟ್ಟುವ ಎಂಜಿನಿಯರು. ಮಗಳು ಅನಘ ಅಲ್ಲೇ ಹುಟ್ಟಿದವಳು, ಕಾಲೇಜಿಗೆ ಹೋಗುತ್ತಿದ್ದಳು. ಊಟದ ಮೇಜಿನಲ್ಲಿ ಅಪ್ಪ ಮಗಳು ಎದುರುಬದುರು ಕೂತು ಉಪ್ಪಿನಕಾಯಿಯನ್ನೂ ವಾರಿಜಳ ಮೂಲಕ ಕೇಳುತ್ತಿದ್ದರು.

"ಅಪ್ಪನಿಗೆ ಮೊಸರು ಬೇಕಾ ಕೇಳು ಅಮ್ಮ."

"ಬೇಡ ಅಂತ ಹೇಳು."

ಕೊನೆಗೆ ಸದಾನಂದ ಒಂದು ಸಂಜೆ ಕಾರು ತೊಳೆಯುತ್ತ ನನಗೆ ವಿಷಯ ಹೇಳಿದರು. ಅಲ್ಲಿ ಪಕ್ಷದ ಹುರಿಯಾಳು ಯಾರು ಎಂಬುದನ್ನು ಹೈಕಮಾಂಡ್ ತೀರ್ಮಾನಿಸುವುದಿಲ್ಲ. ವರ್ಷದ ಆರಂಭದಲ್ಲಿ ಪ್ರೈಮರಿ ಎಂಬ ಚುನಾವಣೆ ನಡೆಸಿ, ಪಕ್ಷದ ಮತದಾರರೇ ಆರಿಸುತ್ತಾರೆ. ಅನಘಳಿಗೆ ಇಷ್ಟವಾದ ಮನುಷ್ಯ ಒಬ್ಬನಿದ್ದ. ಇರಾಕಿನ ಯುದ್ಧ ಬೇಡ ಎಂದು ಮೊದಲಿನಿಂದ ಗಟ್ಟಿಯಾಗಿ ಹೇಳಿದವನು. ಚಳಿಗಾಲವಿಡೀ ಅವಳು ಅವನಿಗಾಗಿ ಓಡಾಡಿದ್ದಳು. ಊರಿನ ಹುಡುಗರ ಹೆಸರನ್ನೆಲ್ಲ ಮತದಾರರ ಪಟ್ಟಿಗೆ ಸೇರಿಸುವ ಭರದಲ್ಲಿ ತನ್ನದೇ ಹೆಸರು ಸೇರಿಸುವ ಗಡುವು ತಪ್ಪಿಸಿಕೊಂಡಳು. ಆಗ ಅಪ್ಪನ ಹತ್ತಿರ, "ನನ್ನ ಬದಲು ನಿನ್ನ ವೋಟು ಅವನಿಗೆ ಹಾಕು" ಎಂದಳು. ಸದಾನಂದ ಮತ್ತು ವಾರಿಜ ಹೊಸದಾಗಿ ಅಲ್ಲಿನ ಪ್ರಜೆಗಳಾಗಿದ್ದರು. ಇಬ್ಬರಿಗೂ ಅದು ಮೊದಲ ಮತ. ಸದಾನಂದ ಹೂಂ ಎಂದರು. ಮಾರ್ಚಿನಲ್ಲಿ ಯಂತ್ರದ ಮುಂದೆ ನಿಂತಾಗ ಆಮೇಲೆ ಹುರಿಯಾಳಾದ ಇನ್ನೊಬ್ಬನ ಹೆಸರು ಮುಟ್ಟಿ ಬಂದರು. ಮಗಳು ಕೇಳಿದಾಗ ಸುಳ್ಳು ಹೇಳಲಿಲ್ಲ.

"ಅಕ್ಕ, ನನಗೂ ಅವಳ ಮನುಷ್ಯನೇ ಇಷ್ಟ ಇದ್ದದ್ದು" ಎಂದರು ಸದಾನಂದ. "ಆದ್ರೆ ಅವನು ಇಲೆಕ್ಟಬಲ್ ಅಲ್ಲ. ಬೇರೆಯವರು ಅವನಿಗೆ ಹಾಕ್ಬೇಕಲ್ವಾ?"

"ಬೇರೆಯವರು ಅಂದ್ರೆ ಯಾರು?"

ಅವರು ಪೈಪು ಹಿಡಿದುಕೊಂಡೇ ದಕ್ಷಿಣದ ಕಡೆಗೆ ಕೈ ತೋರಿಸಿದರು. ನೀರು ನನ್ನ ಸೀರೆಯ ಮೇಲೆ ಬಿತ್ತು. "ಕೆರೊಲಿನಾ, ಜಾರ್ಜಿಯಾ, ಆ ಕಡೆಯವರು."

ಇಲೆಕ್ಟಬಲ್! ಆ ಪದಕ್ಕೆ ನನ್ನ ಭಾಷೆಯಲ್ಲಿ ಅರ್ಥ ಹುಡುಕಬೇಕಾಗಿರಲಿಲ್ಲ. ಗೆಲ್ಲುವ ಕುದುರೆ. ಮೂರನೆಯ ಸಲ ನಾನು ಪುರಸಭೆಗೆ ನಿಲ್ಲಲು ಹೊರಟಾಗ ಪಕ್ಷದವರು ಚಹಾ ಕೊಟ್ಟು, ಬಹಳ ಮರ್ಯಾದೆಯಿಂದ, "ಸುಮತಿಯಕ್ಕ, ಕೆಲಸ ನೀವು ಚೆನ್ನಾಗಿ ಮಾಡಿದ್ದೀರಿ, ಆದರೆ ಈ ಸಲ ವಾರ್ಡಿನ ಲೆಕ್ಕಾಚಾರ ಬೇರೆ, ನಮಗೆ ಗೆಲ್ಲುವ ಕುದುರೆ ಬೇಕು" ಎಂದಿದ್ದರು. ನನ್ನ ಜಾತಿಯವರು ಆ ವಾರ್ಡಿನಲ್ಲಿ ನಾಲ್ಕು ಮನೆಯೂ ಇರಲಿಲ್ಲ. ಬಿ ಫಾರಂ ಬಾರ್ ಮಾಲೀಕರೊಬ್ಬರಿಗೆ ಹೋಯಿತು. ಅವರು ಸೋತರು. ನಿಂತಿದ್ದರೆ ನಾನು ಗೆಲ್ಲುತ್ತಿದ್ದೆನೇ? ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಬಚ್ಚಲೊಲೆಗೆ ಕಟ್ಟಿಗೆ ತುರುಕುವಾಗ, ಬಸ್ಸಿಗೆ ಕಾಯುವಾಗ ಈ ಪ್ರಶ್ನೆ ಈಗಲೂ ಸುಮ್ಮನೆ ಬಂದು ಹೋಗುತ್ತದೆ.

ಆದರೆ ನನ್ನನ್ನು ಬೇಡ ಎಂದವರು ಪಕ್ಷದ ಕಚೇರಿಯಲ್ಲಿ ಕೂತ ಮೂವರು ಗಂಡಸರು. ಅವರನ್ನು ಬೈಯಬಹುದಿತ್ತು. ಇಲ್ಲಿ ತನಗೆ ಇಷ್ಟವಾದವನನ್ನು ತಾನೇ ಬೇಡ ಎಂದು ಬಂದ ಮತದಾರ ನನ್ನೆದುರು ಕಾರು ತೊಳೆಯುತ್ತಿದ್ದ. ಯಾರನ್ನು ಬೈಯುವುದು ಎಂದು ತೋಚಲಿಲ್ಲ.

ಏಪೆಕ್ಸ್: ಎರಡು ಬಾಗಿಲು

ಸದಾನಂದರಿಗೆ ಹೆದರಿಕೆ ಶುರುವಾಗಿತ್ತು. ಅವರು ಆರಿಸಿದ ಕುದುರೆ ಓಡುತ್ತಿರಲಿಲ್ಲ. ದಿನಾ ಸಂಜೆ ಟಿ.ವಿ.ಯಲ್ಲಿ ಯಾರಾದರೂ ಬಂದು, ಪಕ್ಷ ಎಡವಿತೇ, ಬೇರೆಯವರನ್ನು ಆರಿಸಬೇಕಿತ್ತೇ ಎಂದು ಚರ್ಚೆ ಮಾಡುತ್ತಿದ್ದರು. ಅನಘ ಆ ಹೊತ್ತಿಗೆ ಸರಿಯಾಗಿ ಮಹಡಿಯಿಂದ ಇಳಿದು ಬಂದು, ಒಂದು ಸೇಬು ಕಚ್ಚುತ್ತ ನಿಲ್ಲುತ್ತಿದ್ದಳು. ಆ ಕಚ್ಚುವ ಸದ್ದು ಸದಾನಂದರಿಗೆ ಸಾಕಾಗುತ್ತಿತ್ತು.

ನಾರ್ತ್ ಕೆರೊಲಿನಾದ ಏಪೆಕ್ಸ್‌ನಲ್ಲಿ ಅವರ ಗೆಳೆಯರೊಬ್ಬರು ದಸರಾ ಗೊಂಬೆ ಕೂರಿಸಿ ಕರೆದಿದ್ದರು. ನಾಲ್ವರೂ ಹೊರಟೆವು. ದಾರಿಯಲ್ಲಿ ಸದಾನಂದ ತಮ್ಮ ಗುಟ್ಟು ಬಿಟ್ಟರು. ಶನಿವಾರ ಅಲ್ಲಿ ಮನೆಮನೆಗೆ ಹೋಗಿ ತಮ್ಮ ಪಕ್ಷದವನಿಗೆ ಓಟು ಕೇಳುವ ಕೆಲಸ ಒಪ್ಪಿಕೊಂಡಿದ್ದರು.

"ಅನು, ನೀನೂ ಬಾ. ನಿನಗೆ ಎಕ್ಸ್‌ಪೀರಿಯನ್ಸ್ ಉಂಟಲ್ಲ" ಎಂದು ಕನ್ನಡಿಯಲ್ಲಿ ನೋಡುತ್ತ ಕೇಳಿದರು. ತಿಂಗಳುಗಳ ನಂತರದ ನೇರ ಮಾತು ಅದು.

ಅನಘ ಕಿಟಕಿಯ ಹೊರಗೆ ನೋಡುತ್ತ, "ನೋ ಥ್ಯಾಂಕ್ಸ್. ನೀನು ಆರಿಸಿದ್ದು, ನೀನೇ ಮಾರು" ಎಂದಳು.

ಹಾಗಾಗಿ ಜೊತೆಗೆ ಹೋದವಳು ನಾನು. ನನಗೂ ಎಕ್ಸ್‌ಪೀರಿಯನ್ಸ್ ಇತ್ತಲ್ಲ! ಆದರೆ ಅದು ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ನಮ್ಮಲ್ಲಿ ಮನೆಮನೆ ಪ್ರಚಾರ ಎಂದರೆ ಹಿಂದೆ ಹತ್ತು ಜನ, ಅಂಗಳದಲ್ಲಿ ಅಜ್ಜಿಯ ಕಾಲಿಗೆ ನಮಸ್ಕಾರ, ಒಳಗಿನಿಂದ ಬೆಲ್ಲ ನೀರು. ಇಲ್ಲಿ ಅಂಗಳದಲ್ಲಿ ಜನವೇ ಇಲ್ಲ. ಗಂಟೆ ಒತ್ತಿ, ಬಾಗಿಲಿನ ಮುಂದೆ ಎರಡು ಹೆಜ್ಜೆ ಹಿಂದೆ ಸರಿದು, ಕಳ್ಳರಲ್ಲ ಎಂದು ತೋರಿಸುವ ಹಾಗೆ ಕೈ ಕೆಳಗೆ ಬಿಟ್ಟು ನಿಲ್ಲಬೇಕು. ಒಂದು ಮನೆಯ ನಾಯಿ ಬಾಗಿಲು ತೆರೆದ ಕೂಡಲೇ ಹಾರಿ ಬಂದು ನನ್ನ ಸೆರಗು ಹಿಡಿಯಿತು. ನಾನು ಎಳೆದೆ, ಅದೂ ಎಳೆಯಿತು. ನಾಯಿ ಆಟವೆಂದುಕೊಂಡಿತ್ತು. ಸದಾನಂದ ಕರಪತ್ರ ಬೀಸುತ್ತ ಇಂಗ್ಲಿಷಿನಲ್ಲಿ ಅದಕ್ಕೆ ವಿನಂತಿ ಮಾಡಿಕೊಂಡರು.

ನಾಯಿಯ ಯಜಮಾನ, ಬಿಳಿ ಮೀಸೆಯ ಮುದುಕ, ಅದನ್ನು ಒಳಗೆ ಕಟ್ಟಿ ಬಂದು ಬಹಳ ಕ್ಷಮೆ ಕೇಳಿದ. ನಮ್ಮನ್ನು ಜಗಲಿಯ ತೂಗುಕುರ್ಚಿಯಲ್ಲಿ ಕೂರಿಸಿ ತಣ್ಣನೆಯ ಚಹಾ ತಂದುಕೊಟ್ಟ. ನಮ್ಮ ಮದುವೆಮನೆಯ ಪಾಯಸಕ್ಕೂ ಅಷ್ಟು ಸಕ್ಕರೆ ಹಾಕುವುದಿಲ್ಲ. ತಾನು ಜೀವಮಾನವಿಡೀ ಎದುರು ಪಕ್ಷಕ್ಕೇ ಓಟು ಹಾಕಿದವನು ಎಂದ. ಈ ಸಲವೂ ಹಾಗೇ ಎಂದ. ಸದಾನಂದ ಎದ್ದರು. ಆಗ ಮುದುಕ, "ನೀವು ಆ ಇನ್ನೊಬ್ಬನನ್ನು ನಿಲ್ಲಿಸಿದ್ದರೆ ನಾನು ಯೋಚನೆ ಮಾಡುತ್ತಿದ್ದೆ" ಎಂದ.

"ಯಾವ ಇನ್ನೊಬ್ಬ?"

ಅವನು ಹೇಳಿದ್ದು ಅನಘಳ ಮನುಷ್ಯನ ಹೆಸರು!

"ಅವನ ಒಂದು ಮಾತೂ ನಾನು ಒಪ್ಪುವುದಿಲ್ಲ. ಆದರೆ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಿದ್ದ. ಅಂಥವನ ಜೊತೆ ಜಗಳವಾದರೂ ಆಡಬಹುದು."

ಸದಾನಂದ ಜಗಲಿ ಇಳಿದು ಬಂದವರೇ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟರು. "ಅಕ್ಕ, ಇಂಥವರಿಗೆ ಅವನು ಆಗುದಿಲ್ಲ ಅಂತಲೇ ನಾನು ಇವನಿಗೆ ಹಾಕಿದ್ದು. ಅನುವಿಗೆ ಎಂತ ಹೇಳುದು ಈಗ?"

"ಇನ್ನೊಂದು ಮನೆ ನೋಡುವ ಏಳಿ" ಎಂದೆ. ನನಗೆ ಬೇರೆ ಸಮಾಧಾನ ಗೊತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಕಂಕುಳಲ್ಲಿ ಮಗು ಇಟ್ಟುಕೊಂಡ ಹೆಂಗಸು ಕರಪತ್ರ ತೆಗೆದುಕೊಂಡಳು. ಸದಾನಂದರ ಮಾತು ಪೂರ್ತಿ ಕೇಳಿದಳು. ತಾನು ಇನ್ನೂ ತೀರ್ಮಾನ ಮಾಡಿಲ್ಲ ಎಂದಳು. ಆಮೇಲೆ ಯಾರೂ ಕೇಳದಿದ್ದರೂ, "ಆ ಕೂಗಾಡುವವನನ್ನು ನೀವು ಆರಿಸಿದ್ದಿದ್ದರೆ ನಾನು ಬಾಗಿಲೇ ತೆರೆಯುತ್ತಿರಲಿಲ್ಲ" ಎಂದಳು. ಅವಳು ಹೇಳಿದ್ದೂ ಅದೇ ಮನುಷ್ಯನನ್ನು.

ಎರಡೂ ಮನೆಗಳ ನಡುವೆ ಒಂದು ಬೇಲಿಯೂ ಇರಲಿಲ್ಲ.

ಆ ಸಂಜೆ ಗೊಂಬೆಗಳ ಮುಂದೆ ಚರುಮುರಿ ತಿನ್ನುತ್ತ ಸದಾನಂದ ಮಗಳಿಗೆ ಎರಡೂ ಮನೆಯ ಕಥೆ ಹೇಳಿದರು. ಎರಡನೆಯದನ್ನು ಮಾತ್ರ ಹೇಳಿದ್ದರೆ ಅವರ ಕಡೆ ಬಲವಾಗುತ್ತಿತ್ತು. ಮೊದಲನೆಯದನ್ನೂ ಬಿಡಲಿಲ್ಲ. ಅನಘ ಮುದುಕನ ಮಾತಿಗೆ ಮುಖ ಅರಳಿಸಿ, ಹೆಂಗಸಿನ ಮಾತಿಗೆ ಪೆಚ್ಚಾಗಿ, "ವೇಟ್, ಇಬ್ಬರೂ ನೆಕ್ಸ್ಟ್ ಡೋರಾ?" ಎಂದಳು. ಅಪ್ಪನಿಗೇ ನೇರವಾಗಿ ಕೇಳಿದಳು.

ಕಮ್ಮಿಂಗ್: ದಾರಿ ತಪ್ಪಿದ ಮಧ್ಯಾಹ್ನ

ಅಲ್ಲಿಂದ ಮುಂದೆ ಹೋಗಿ ಜಾರ್ಜಿಯಾದ ಕಮ್ಮಿಂಗ್‌ನಲ್ಲಿ ಇಳಿದುಕೊಂಡದ್ದು ವಾರಿಜಳ ಗೆಳತಿಯ ಮಗ ಪ್ರಕಾಶನ ಮನೆಯಲ್ಲಿ. ಬೆಂಗಳೂರಿನ ಹುಡುಗ, ಕೆಲಸದ ವೀಸಾದಲ್ಲಿ ಇದ್ದವನು. ಅವನಿಗೆ ಅಲ್ಲಿ ಓಟಿಲ್ಲ. ಆದರೆ ನಮ್ಮೆಲ್ಲರಿಗಿಂತ ಗಟ್ಟಿ ಅಭಿಪ್ರಾಯ ಅವನದೇ.

"ಅಂಕಲ್, ಸಿಂಪಲ್ ಲಾಜಿಕ್. ಸೌತ್‌ನಿಂದ ಒಬ್ಬನ್ನ ನಿಲ್ಸಿದ್ರೆ ಗೆದ್ಬಿಡ್ತಿದ್ರಿ. ಇಲ್ಲಿ ಜನಕ್ಕೆ ತಮ್ಮೋನು ಅನ್ನಿಸ್ಬೇಕು. ನಮ್ ಕಡೆ ಥರಾನೇ" ಎಂದು ದೋಸೆ ಮಗುಚುತ್ತ ಹೇಳಿದ. ಸದಾನಂದ, "ಮೊದಲೇ ಹೇಳ್ಬಾರ್ದಿತ್ತಾ ಮಾರಾಯ" ಎಂದರು. ತಮಾಷೆ ಮಾಡುತ್ತಿದ್ದಾರೋ ನಿಜವೋ ತಿಳಿಯಲಿಲ್ಲ.

ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಾನು ನಡೆಯಲು ಹೊರಟೆ. ಕಮ್ಮಿಂಗ್‌ನಲ್ಲಿ ನಡೆಯುವುದು ಎಷ್ಟು ದೊಡ್ಡ ತಪ್ಪು ಎಂದು ಯಾರೂ ಎಚ್ಚರಿಸಿರಲಿಲ್ಲ. ಮನೆಗಳೆಲ್ಲ ಒಂದೇ ಅಚ್ಚಿನವು. ನಮ್ಮಲ್ಲಾದರೆ ಒಂದು ಬಾವಿಕಟ್ಟೆ, ಒಂದು ಅಂಗಡಿ, ಬಣ್ಣ ಹೋದ ಒಂದು ಗೋಡೆ ದಾರಿ ಹೇಳುತ್ತದೆ. ಇಲ್ಲಿ ಹುಲ್ಲಿನ ಮೇಲಿನ ಹೆಸರೂ ಒಂದೇ, ಎದುರು ಪಕ್ಷದವನದು. ಎರಡು ತಿರುವಿನಲ್ಲಿ ನಾನು ಪೂರ್ತಿ ಕಳೆದುಹೋದೆ. ಪ್ರಕಾಶನ ಮನೆಯೆಂದುಕೊಂಡು ಯಾರದೋ ಬಾಗಿಲ ಗಂಟೆ ಒತ್ತಿದೆ.

ಬಾಗಿಲು ತೆರೆದಾಕೆ ನನ್ನ ವಯಸ್ಸಿನವಳೇ. ಅಡುಗೆಯ ಏಪ್ರನ್ ತೊಟ್ಟಿದ್ದಳು. ನನ್ನ ಚಪ್ಪಲಿ, ಬೆವರು, ಸೀರೆ ಎಲ್ಲ ನೋಡಿ, "ಬಾ ತಾಯಿ, ಕಾರು ಹತ್ತು, ಹುಡುಕೋಣ" ಎಂಬಂಥ ಮಾತನ್ನು ಅವರ ಎಳೆದೆಳೆದು ಆಡುವ ಇಂಗ್ಲಿಷಿನಲ್ಲಿ ಹೇಳಿದಳು. ಶಾಲೆಯ ಬಸ್ಸು ಓಡಿಸುವ ಕೆಲಸ ತನ್ನದು ಎಂದಳು. ಬೀದಿ ಬೀದಿ ನಿಧಾನವಾಗಿ ಸುತ್ತಿದೆವು. ನಾನು ಪ್ರಕಾಶನ ಕೆಂಪು ಕಾರು ಹುಡುಕುತ್ತಿದ್ದೆ. ಆಕೆ ನನ್ನ ಊರು ಕೇಳಿದಳು. ಪುರಸಭೆಯ ಸದಸ್ಯೆಯಾಗಿದ್ದೆ ಎಂದಾಗ ಕಾರು ನಿಲ್ಲಿಸಿ ನನ್ನ ಕೈ ಕುಲುಕಿದಳು.

ಹಾಗಾದರೆ ನೀನು ಹೇಳಬಲ್ಲೆ ಎಂದು ಒಂದು ಪ್ರಶ್ನೆ ಕೇಳಿದಳು. ಮಾರ್ಚಿನಲ್ಲಿ, ಸದಾನಂದ ಮತ ಹಾಕಿದ ಅದೇ ದಿನ, ಜಾರ್ಜಿಯಾದಲ್ಲಿಯೂ ಅದೇ ಪಕ್ಷದ ಪ್ರೈಮರಿ ಇತ್ತು. ಅವಳ ಮಗ ಇರಾಕಿನ ಯುದ್ಧದಲ್ಲಿದ್ದ. ಅವಳಿಗೆ ಇಷ್ಟವಾದವನು ದಕ್ಷಿಣದವನೊಬ್ಬ, ಅವಳ ಹಾಗೆಯೇ ಮಾತಾಡುವವನು. ಆದರೆ ಓಟು ಹಾಕಿದ್ದು ಈಗ ನಿಂತವನಿಗೆ.

"ಯಾಕೆ?" ಎಂದೆ.

"ಉತ್ತರದವರಿಗೆ ಅವನು ಹಿಡಿಸುತ್ತಾನೆ ಅಂದುಕೊಂಡೆ. ಮೇರಿಲ್ಯಾಂಡ್, ಆ ಕಡೆಯವರಿಗೆ. ಅವರು ಒಪ್ಪದೆ ಗೆಲ್ಲುವುದು ಹೇಗೆ? ಈಗ ಅವನು ಮಾತಾಡುವುದನ್ನು ಕೇಳುತ್ತೇನೆ. ನನ್ನ ಮಗ ಯಾವಾಗ ಬರುತ್ತಾನೆ ಅನ್ನುವುದು ನನಗೆ ಅವನ ಮಾತಿನಲ್ಲಿ ಸಿಗುವುದಿಲ್ಲ. ನಾನು ತಪ್ಪು ಮಾಡಿದೆನಾ?"

ಮೇರಿಲ್ಯಾಂಡಿನ ಒಬ್ಬ ಗಂಡಸು ನಿನ್ನನ್ನು ನೆನೆದು ಓಟು ಹಾಕಿದ್ದಾನೆ, ಈಗ ಪ್ರಕಾಶನ ಮನೆಯಲ್ಲಿ ಮಲಗಿದ್ದಾನೆ ಎಂದು ಹೇಗೆ ಹೇಳುವುದು? ಅವನು ಅವಳಿಗಾಗಿ, ಅವಳು ಅವನಿಗಾಗಿ. ಇಬ್ಬರಿಗೂ ಬೇಡದವನು ಇಬ್ಬರ ಓಟಿನಿಂದ ನಿಂತಿದ್ದ.

"ನನಗೆ ಗೊತ್ತಿಲ್ಲ ಅಮ್ಮ" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಆಕೆ ತಲೆಯಾಡಿಸಿದಳು. ಅರ್ಥವಾಯಿತೋ ಏನೋ. ಕೆಂಪು ಕಾರು ಸಿಕ್ಕಿತು. ಇಳಿಯುವಾಗ ಮಗನ ಹೆಸರು ಕೇಳಿದೆ. ಹೇಳಿದಳು. ಊರಿಗೆ ಬಂದ ಮೇಲೂ ಎಷ್ಟೋ ಕಾಲ ದೇವರ ಮುಂದೆ ಆ ಹೆಸರು ಹೇಳುತ್ತಿದ್ದೆ.

ಸದಾನಂದರಿಗೆ ಇದನ್ನು ಹೇಳಿದಾಗ ಅವರು ಕಾರಿನ ಕೀಲಿ ಎತ್ತಿಕೊಂಡು, "ಆಕೆಯ ಮನೆ ತೋರಿಸ್ತೀರಾ?" ಎಂದರು. ಇಬ್ಬರೂ ಕಾರಿನಲ್ಲಿ ಹುಡುಕಿದೆವು. ಸಿಗಲಿಲ್ಲ.

ಮತ್ತೆ ಎಲಿಕಾಟ್ ಸಿಟಿ: ಮತದಾನ, ಮರುದಿನ

ಮತದಾನದ ದಿನ ಅಲ್ಲಿ ಎಲ್ಲರಿಗೂ ರಜೆ ಇಲ್ಲ. ಜನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಶಾಲೆಯೊಂದರ ಮುಂದೆ ಕಾಫಿ ಹಿಡಿದು ಸಾಲು ನಿಂತಿದ್ದರು. ಪೊಲೀಸರಿಲ್ಲ, ಬಿಡಾರ ಹಾಕಿದ ಏಜೆಂಟರಿಲ್ಲ, ನೂಕುನುಗ್ಗಲಿಲ್ಲ. ನನಗೆ ಏನೋ ಕಡಿಮೆಯಾದ ಹಾಗೆ ಅನ್ನಿಸಿತು. ಅನಘ ಬರುತ್ತಾಳೋ ಇಲ್ಲವೋ ಎಂದು ಕೊನೆಯವರೆಗೂ ಗೊತ್ತಿರಲಿಲ್ಲ. ಬಂದಳು. ಅಪ್ಪನ ಹಿಂದೆಯೇ ನಿಂತಳು. ಹೊರಗೆ ಬಂದಾಗ ಬೆರಳಿಗೆ ಶಾಯಿ ಇಲ್ಲ, ಅಂಗಿಯ ಮೇಲೆ ಮತ ಹಾಕಿದ ಗುರುತಿಗೆ ಒಂದು ಪುಟ್ಟ ಚೀಟಿ.

"ಯಾರಿಗೆ ಹಾಕಿದೆ?" ಎಂದು ಕಿವಿಯಲ್ಲಿ ಕೇಳಿದೆ.

"ದೊಡ್ಡಮ್ಮ! ಅದು ಸೀಕ್ರೆಟ್" ಎಂದಳು. ಆಮೇಲೆ, "ಅಪ್ಪನ ಕ್ಯಾಂಡಿಡೇಟಿಗೆ. ಡೋಂಟ್ ಟೆಲ್ ಹಿಮ್" ಎಂದಳು.

ಮರುದಿನ ಬೆಳಿಗ್ಗೆಯ ಹೊತ್ತಿಗೆ ಅಪ್ಪನ ಕ್ಯಾಂಡಿಡೇಟು ಸೋತಿದ್ದ. ಸದಾನಂದ ತಲೆನೋವೆಂದು ಕೆಲಸಕ್ಕೆ ಹೋಗಲಿಲ್ಲ. ಅನಘ ತಲೆನೋವೆಂದು ಕಾಲೇಜಿಗೆ ಹೋಗಲಿಲ್ಲ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ವಾರಿಜಳಿಗೆ ಅಂದು ಹೇಗೂ ರಜೆಯಿತ್ತು. ಮಧ್ಯಾಹ್ನ ಟಿ.ವಿ. ಮುಂದೆ ಕೂತೆವು. ಸೋತವನು ವೇದಿಕೆಗೆ ಬಂದು ಮಾತಾಡುವವನಿದ್ದ. ವಾರಿಜ ಅಡುಗೆಮನೆಯಲ್ಲಿ ಕುಚ್ಚಲಕ್ಕಿಯ ಗಂಜಿ ಬಸಿಯುತ್ತಿದ್ದಳು.

"ಅನು, ನೀನು ಹೇಳಿದ್ದೇ ಸರಿ ಇತ್ತೇನೋ" ಎಂದರು ಸದಾನಂದ. "ನಿನ್ನವನೇ ಗೆಲ್ತಿದ್ದನೋ ಏನೋ."

"ಐ ಡೋಂಟ್ ನೋ ಅಪ್ಪ. ನನ್ನವನು ಇನ್ನೂ ಬ್ಯಾಡ್ ಆಗಿ ಸೋಲ್ತಿದ್ದ, ಮೇಬಿ."

"ಹಾಗಲ್ಲ. ಆ ಏಪೆಕ್ಸಿನ ಮುದುಕ ಹೇಳಿದ್ನಲ್ಲ..."

"ಬಟ್ ಆ ಪಾಪುವಿನ ಅಮ್ಮ? ಅವಳು ಡೋರೇ ತೆಗೀತಿರ್ಲಿಲ್ಲ!"

ಈಗ ಅಪ್ಪ ಮಗಳ ವಕೀಲ, ಮಗಳು ಅಪ್ಪನ ವಕೀಲೆ. ಇಬ್ಬರ ದನಿಯೂ ಏರಿತು. ಇದು ರಾಜಿಯೋ ಹೊಸ ಜಗಳವೋ ನನಗೆ ತಿಳಿಯಲಿಲ್ಲ. ನಾನೂ ನನ್ನ ಪುರಸಭೆಯ ಉದಾಹರಣೆ ಕೊಡಲು ಬಾಯಿ ತೆರೆದೆ.

"ಸ್ವಲ್ಪ ಸುಮ್ಮನಿರ್ತೀರಾ ಮೂರೂ ಜನ? ಅವರು ಮಾತಾಡ್ತಾ ಇದ್ದಾರೆ."

ವಾರಿಜ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಗಂಜಿಯ ಹಬೆ ಎಂದುಕೊಂಡೆ. ಅಲ್ಲ, ಅಳುತ್ತಿದ್ದಳು.

"ಎಂತಾಯ್ತು ವಾರಿಜ?" ಎಂದರು ಸದಾನಂದ.

"ಎಂತ ಇಲ್ಲ. ನನಗೆ ಅವರು ಇಷ್ಟ ಇದ್ರು."

ನಾವು ಮೂವರೂ ಅವಳನ್ನೇ ನೋಡಿದೆವು. ಅಷ್ಟು ವಾರಗಳಲ್ಲಿ, ಅಷ್ಟು ಊರುಗಳಲ್ಲಿ ಆ ಮನುಷ್ಯನ ಬಗ್ಗೆ ಈ ಮಾತು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ.

"ಮಾರ್ಚಿನಲ್ಲಿಯೂ?" ಎಂದು ಅನಘ ಕೇಳಿದಳು.

"ಮೊದಲಿನಿಂದ."

"ಗೆಲ್ತಾರೆ ಅಂತ ಹಾಕಿದ್ದಲ್ವಾ ನೀನು?" ಎಂದರು ಸದಾನಂದ.

"ಗೆಲ್ತಾರೋ ಸೋಲ್ತಾರೋ ನನಗೆಂತ ಗೊತ್ತು? ಈ ಕೆಲಸ ಅವರು ಚೆಂದ ಮಾಡಿಯಾರು ಅನ್ನಿಸಿತ್ತು. ಸಾವಕಾಶ ಮಾತಾಡ್ತಾರೆ, ಯೋಚನೆ ಮಾಡಿ ಮಾತಾಡ್ತಾರೆ. ಅದಕ್ಕೇ ಹಾಕಿದ್ದು."

"ಅಮ್ಮ, ಯು ನೆವರ್ ಸೆಡ್ ಎನಿಥಿಂಗ್!"

"ನೀವು ಕೇಳಿದ್ರಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಗಿತ್ತು. ಗುರುತಿಲ್ಲದವರ ಬಾಗಿಲ ಗಂಟೆಯನ್ನೆಲ್ಲ ಒತ್ತಿ ಬಂದ ನಾನು ನನ್ನ ತಂಗಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳು ಗಂಡನ ಜೊತೆ ಹೋಗಿದ್ದಾಳೆ, ಗಂಡ ಹೇಳಿದವನಿಗೆ ಹಾಕಿದ್ದಾಳೆ ಎಂದು ಮೂವರೂ ನಮ್ಮ ನಮ್ಮಷ್ಟಕ್ಕೆ ತೀರ್ಮಾನಿಸಿಬಿಟ್ಟಿದ್ದೆವು.

ಪರದೆಯ ಮೇಲೆ ಸೋತವರು ಮಾತಾಡುತ್ತಿದ್ದರು. ನಾನು ಆವರೆಗೆ ಅವರ ಮುಖವನ್ನು ಸರಿಯಾಗಿ ನೋಡಿರಲೇ ಇಲ್ಲ. ನೋಡಿದ್ದೆಲ್ಲ ಅವರ ಗೆಲುವಿನ ಲೆಕ್ಕ. ದನಿ ಒಂದೆರಡು ಕಡೆ ತಡೆಯಿತು. ಪಕ್ಷ ಸರಿಯಾದವರನ್ನೇ ಆರಿಸಿತ್ತೇ, ತಪ್ಪಾದವರನ್ನೇ? ನನಗೆ ಆಗಲೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

ಅನಘ ಸೋಫಾದಲ್ಲಿ ಸರಿದು ಜಾಗ ಮಾಡಿದಳು. ಸದಾನಂದ ಎದ್ದು ಹೋಗಿ ಒಲೆ ಆರಿಸಿ ಬಂದರು. ವಾರಿಜ ಸೌಟನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ನಡುವೆ ಕೂತಳು. ಪರದೆಯ ಮೇಲಿದ್ದವರ ಮಾತು ಮುಗಿಯುವವರೆಗೂ ನಾವು ಮೂವರು ತುಟಿ ಬಿಚ್ಚಲಿಲ್ಲ.